ಕುರುಡು ಹಾವಿಗೆ ಹೆಸರಿಟ್ಟವರಾರು?

ಮಳೆಗಾಲದಲ್ಲಿ ಹೂವಿನ ಕುಂಡವನ್ನು ಪಕ್ಕಕ್ಕೆ ಸರಿಸಿದಾಗ ಅಥವಾ ಗೊಬ್ಬರದ ಗುಂಡಿಯನ್ನು ಕೆದಕಿದಾಗ, ಎರೆಹುಳುವನ್ನು ಹೋಲುವ ಆದರೆ ಅದಕ್ಕಿಂತ ಬಹಳ ಚುರುಕಾದ ಒಂದು ಕಪ್ಪು ಜೀವಿ ಮಿರಮಿರನೆ ಹೊಳೆಯುತ್ತಾ ಮಣ್ಣಿನೊಳಗೆ ಜಾರಿಹೋಗುವುದನ್ನು ನೀವು ನೋಡಿರಬಹುದು. ಸ್ವಲ್ಪ ಗಮನವಿಟ್ಟು ನೋಡಿದರೆ ಅದರ ಮೈಮೇಲೆ ಎರೆಹುಳುವಿಗೆ ಇರುವಂತಹ ಉಂಗುರಗಳಿಲ್ಲ. ನುಣುಪಾದ, ಒಂದರ ಮೇಲೊಂದು ಹೆಂಚಿನಂತೆ ಜೋಡಿಸಿದ ಸಣ್ಣ ಹುರುಪೆಗಳಿವೆ. ಆಗಾಗ್ಗೆ ಸೀಳು ನಾಲಿಗೆಯೊಂದು ಹೊರಬಂದು ಒಳಸೇರುತ್ತದೆ. ಹೌದು, ಅದು ಹಾವು. ನಮ್ಮಲ್ಲಿ ಅದನ್ನು ಕುರುಡು ಹಾವು ಎಂದೂ ಹುಳುಹಾವು ಎಂದೂ ಕರೆಯುತ್ತಾರೆ.

ಪೂರ್ಣ ಬೆಳೆದಾಗಲೂ ಇದರ ಉದ್ದ ಸಾಮಾನ್ಯವಾಗಿ 10ರಿಂದ 15 ಸೆಂಟಿಮೀಟರ್. ಇರುವೆ ಮತ್ತು ಗೆದ್ದಲುಗಳ ಮೊಟ್ಟೆ, ಮರಿಹುಳು ಹಾಗೂ ಕೋಶಗಳೇ ಇದರ ಆಹಾರ. ಇದಕ್ಕೆ ವಿಷವಿಲ್ಲ, ಮನುಷ್ಯರನ್ನು ಕಚ್ಚುವಷ್ಟು ದೊಡ್ಡ ಬಾಯಿಯೂ ಇಲ್ಲ. ಆದರೂ ‘ಯಾವುದೋ ವಿಷದ ಹಾವಿನ ಮರಿ’ ಎಂದೋ, ‘ಮಲಗಿದ್ದಾಗ ಕಿವಿಯೊಳಗೆ ನುಗ್ಗುತ್ತದೆ’ ಎಂದೋ ಹೆದರಿ ಇದನ್ನು ಕೊಲ್ಲುವವರಿದ್ದಾರೆ. ಹೆಸರು ಗೊತ್ತಿಲ್ಲದ ಜೀವಿಗೆ ಆಗುವ ಮೊದಲ ಅನ್ಯಾಯ ಇದು.

ಈ ಹಾವಿನ ವೈಜ್ಞಾನಿಕ ಹೆಸರನ್ನು ಪುಸ್ತಕಗಳಲ್ಲಿ ಹೀಗೆ ಬರೆಯುತ್ತಾರೆ: ಇಂಡೊಟಿಫ್ಲಾಪ್ಸ್ ಬ್ರಾಮಿನಸ್ (ದೋದ್ಯಾಂ, 1803). ಒಂದು ಸಾಲಿನ ಈ ಬರಹದಲ್ಲಿ ಎರಡು ಪದ, ಒಬ್ಬ ವ್ಯಕ್ತಿಯ ಹೆಸರು, ಒಂದು ಇಸವಿ ಮತ್ತು ಒಂದು ಜೊತೆ ಆವರಣ ಚಿಹ್ನೆಗಳಿವೆ. ಆವರಣ ಚಿಹ್ನೆಯೂ ಸೇರಿದಂತೆ ಪ್ರತಿಯೊಂದಕ್ಕೂ ಅರ್ಥವಿದೆ. ನಾನು ಭೌತವಿಜ್ಞಾನದ ಅಧ್ಯಾಪಕ. ಅಳತೆ, ಮೂಲಮಾನ, ಪ್ರಮಾಣ ಎಂದರೆ ನಮಗೆ ವಿಶೇಷ ಮಮತೆ. ಜೀವಿಗಳಿಗೆ ಹೆಸರಿಡುವ ಪದ್ಧತಿಯಲ್ಲಿಯೂ ಅಂತಹದೇ ಒಂದು ಶಿಸ್ತು ಅಡಗಿದೆ ಎಂಬುದನ್ನು ಈ ಪುಟ್ಟ ಹಾವಿನ ಮೂಲಕ ನಿಮಗೆ ತಿಳಿಸುವುದು ಈ ಲೇಖನದ ಉದ್ದೇಶ.

ವಿಶಾಖಪಟ್ಟಣದಿಂದ ಪ್ಯಾರಿಸ್‌ಗೆ

ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಪ್ಯಾಟ್ರಿಕ್ ರಸೆಲ್ ಎಂಬ ಸ್ಕಾಟ್‌ಲೆಂಡಿನ ವೈದ್ಯ ಈಸ್ಟ್ ಇಂಡಿಯಾ ಕಂಪನಿಯ ನಿಸರ್ಗತಜ್ಞನಾಗಿ ಪೂರ್ವ ಕರಾವಳಿಯಲ್ಲಿ ಕೆಲಸ ಮಾಡುತ್ತಿದ್ದ. ನಮ್ಮ ಕೊಳಕುಮಂಡಲ ಹಾವಿಗೆ ಇಂಗ್ಲಿಷಿನಲ್ಲಿ ‘ರಸೆಲ್ಸ್ ವೈಪರ್’ ಎಂಬ ಹೆಸರು ಬಂದಿರುವುದು ಇವನಿಂದಲೇ. ಯಾವ ಹಾವು ವಿಷದ್ದು, ಯಾವುದು ಅಲ್ಲ ಎಂಬುದನ್ನು ಜನಸಾಮಾನ್ಯರೂ ಗುರುತಿಸುವಂತಾಗಬೇಕು ಎಂಬುದು ಅವನ ಆಸಕ್ತಿಯಾಗಿತ್ತು. 1796ರಲ್ಲಿ ಪ್ರಕಟವಾದ ಅವನ ದೊಡ್ಡ ಗ್ರಂಥದಲ್ಲಿ ಕೋರಮಂಡಲ ತೀರದ ಹಾವುಗಳ ಚಿತ್ರಗಳೂ ವಿವರಣೆಗಳೂ ಇವೆ. ಅದರಲ್ಲಿ ವಿಶಾಖಪಟ್ಟಣದಿಂದ ದೊರೆತ ಒಂದು ಪುಟ್ಟ ಹಾವಿಗೆ ಅವನು ಲ್ಯಾಟಿನ್ ಹೆಸರನ್ನು ಕೊಡಲಿಲ್ಲ. ಸ್ಥಳೀಯರು ಹೇಳಿದ ತೆಲುಗು ಹೆಸರನ್ನೇ ತನ್ನ ಕಿವಿಗೆ ಬಿದ್ದಂತೆ ‘ರೊಂಡೂ ತಲೂಲೂ ಪಾಮ್’ ಎಂದು ಬರೆದ. ತೆಲುಗಿನ ‘ರೆಂಡು ತಲಲ ಪಾಮು’, ಅಂದರೆ ಎರಡು ತಲೆಯ ಹಾವು!

ಈ ಹಾವಿನ ಬಾಲ ಮೊಂಡಾಗಿದ್ದು, ತುದಿಯಲ್ಲಿ ಚಿಕ್ಕ ಮುಳ್ಳೊಂದಿದೆ. ತಲೆಯೂ ಬಾಲವೂ ಒಂದೇ ದಪ್ಪ. ಕಣ್ಣುಗಳು ಹುರುಪೆಯ ಕೆಳಗೆ ಎರಡು ಕಪ್ಪು ಚುಕ್ಕೆಗಳಂತಷ್ಟೇ ಕಾಣುತ್ತವೆ. ಹೀಗಾಗಿ ಯಾವುದು ತಲೆ, ಯಾವುದು ಬಾಲ ಎಂಬ ಗೊಂದಲ ಸಹಜ. ಕನ್ನಡ ನಾಡಿನಲ್ಲಿ ಮಣ್ಣುಮುಕ್ಕ ಹಾವನ್ನು ‘ಎರಡು ತಲೆ ಹಾವು’ ಎನ್ನುವುದೂ ಇದೇ ಕಾರಣಕ್ಕೆ.

ರಸೆಲ್‌ನ ಗ್ರಂಥ ಯೂರೋಪಿನ ಪ್ರಾಣಿಶಾಸ್ತ್ರಜ್ಞರ ಕೈಗೆ ತಲುಪಿತು. ಅವರಲ್ಲಿ ಒಬ್ಬ ಫ್ರಾನ್ಸಿನ ಫ್ರಾಂಸ್ವಾ ಮರಿ ದೋದ್ಯಾಂ. ಬಾಲ್ಯದಲ್ಲೇ ರೋಗದಿಂದ ಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ ಈತ ಸರೀಸೃಪಗಳ ಬಗ್ಗೆ ಎಂಟು ಸಂಪುಟಗಳ ಗ್ರಂಥ ರಚಿಸಿದ. 1803ರಲ್ಲಿ, ತಾನು ತೀರಿಕೊಂಡ ವರ್ಷವೇ, ರಸೆಲ್‌ನ ಚಿತ್ರ ಮತ್ತು ವಿವರಣೆಗಳನ್ನು ಆಧಾರವಾಗಿಟ್ಟುಕೊಂಡು ಆ ಪುಟ್ಟ ಹಾವಿಗೆ ‘ಎರಿಕ್ಸ್ ಬ್ರಾಮಿನಸ್’ ಎಂದು ಹೆಸರಿಟ್ಟ. ಎರಿಕ್ಸ್ ಎಂಬುದು ಮಣ್ಣುಮುಕ್ಕ ಹಾವಿನ ಕುಲ. ತೆಲುಗಿನ ರೈತನೂ ಪ್ಯಾರಿಸಿನ ಪಂಡಿತನೂ ಮೊಂಡು ಬಾಲದ ಹಾವುಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸಿದ್ದರು ಎನ್ನಬಹುದು!

‘ಬ್ರಾಮಿನಸ್’ ಎಂಬ ಪದ ‘ಬ್ರಾಹ್ಮಣ’ ಎಂಬುದರಿಂದ ಬಂದದ್ದು. ಹಾವಿಗೂ ಈ ಪದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಹೆಸರು ಜೀವಿಯ ಗುಣವನ್ನು ವರ್ಣಿಸಲೇಬೇಕು ಎಂಬ ನಿಯಮ ಪ್ರಾಣಿಶಾಸ್ತ್ರದಲ್ಲಿ ಇಲ್ಲ. ಕರಿಯಪ್ಪ ಎಂಬುವರು ಬಿಳಿ ಬಣ್ಣದವರಾಗಿದ್ದರೆ ನಾವು ಅವರ ಹೆಸರನ್ನು ಬದಲಿಸುತ್ತೇವೆಯೆ? ಹೆಸರಿನ ಕೆಲಸ ಗುರುತಿಸುವುದು, ವರ್ಣಿಸುವುದಲ್ಲ.

ಹೆಸರಿಡುವ ಕಾನೂನು

ಜೀವಿಗಳಿಗೆ ಎರಡು ಪದಗಳ ಹೆಸರನ್ನು ಕೊಡುವ ದ್ವಿನಾಮ ಪದ್ಧತಿಯನ್ನು ಸ್ವೀಡನ್ನಿನ ಕಾರ್ಲ್ ಲಿನೇಯಸ್ ಬಳಕೆಗೆ ತಂದ. ಮೊದಲ ಪದ ಕುಲದ್ದು, ಎರಡನೆಯದು ಪ್ರಭೇದದ್ದು. ನಮ್ಮಲ್ಲಿ ಮನೆತನದ ಹೆಸರು ಮತ್ತು ಸ್ವಂತ ಹೆಸರು ಇದ್ದ ಹಾಗೆ. ಪ್ರಾಣಿಗಳ ಮಟ್ಟಿಗೆ 1758ರಲ್ಲಿ ಪ್ರಕಟವಾದ ಲಿನೇಯಸ್‌ನ ಗ್ರಂಥದ ಹತ್ತನೆಯ ಆವೃತ್ತಿಯೇ ಆರಂಭಬಿಂದು. ಅಲ್ಲಿಂದೀಚೆಗೆ ಮುಖ್ಯವಾಗಿ ಮೂರು ನಿಯಮಗಳು ಕೆಲಸ ಮಾಡುತ್ತವೆ.

ಒಂದು, ಆದ್ಯತೆ. ಒಂದೇ ಪ್ರಾಣಿಗೆ ಹಲವರು ಹಲವು ಹೆಸರು ಇಟ್ಟಿದ್ದರೆ, ಸಾಮಾನ್ಯವಾಗಿ ಎಲ್ಲಕ್ಕಿಂತ ಹಳೆಯ ಹೆಸರೇ ಸಿಂಧು. ಉಳಿದವು ‘ಸಮಾನಾರ್ಥಕ’ಗಳೆಂದು ಪಟ್ಟಿಯಲ್ಲಿ ಉಳಿಯುತ್ತವೆ.

ಎರಡು, ಮನೆತನ ಬದಲಾದರೂ ಸ್ವಂತ ಹೆಸರು ಬದಲಾಗದು. ಒಂದು ಪ್ರಭೇದ ಬೇರೆ ಕುಲಕ್ಕೆ ಸೇರಬೇಕಾದದ್ದು ಎಂದು ತಿಳಿದಾಗ ಮೊದಲ ಪದ ಮಾತ್ರ ಬದಲಾಗುತ್ತದೆ. ಆಗ ಮೂಲ ಲೇಖಕನ ಹೆಸರು ಮತ್ತು ಇಸವಿಯನ್ನು ಆವರಣ ಚಿಹ್ನೆಯೊಳಗೆ ಬರೆಯುತ್ತಾರೆ. ಮೇಲೆ ಹೇಳಿದ ‘(ದೋದ್ಯಾಂ, 1803)’ ಎಂಬುದರ ಗುಟ್ಟು ಇದೇ. ‘ಈ ಪ್ರಭೇದಕ್ಕೆ ಹೆಸರಿಟ್ಟವನು ದೋದ್ಯಾಂ, ಆದರೆ ಅವನು ಇಟ್ಟ ಕುಲದಲ್ಲಿ ಇದು ಈಗ ಇಲ್ಲ’ ಎಂಬ ಇಡೀ ವಾಕ್ಯವನ್ನು ಆ ಎರಡು ಗೆರೆಗಳು ಹೇಳುತ್ತವೆ.

ಮೂರು, ಮಾದರಿ. ಪ್ರತಿಯೊಂದು ಹೆಸರೂ ಒಂದು ನಿರ್ದಿಷ್ಟ ಮಾದರಿಗೆ ಅಂಟಿಕೊಂಡಿರುತ್ತದೆ. ಸಾಮಾನ್ಯವಾಗಿ ಇದು ಯಾವುದಾದರೂ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿದ ಪ್ರಾಣಿ. ಹೆಸರಿಟ್ಟದ್ದು ಚಿತ್ರವೊಂದರ ಆಧಾರದ ಮೇಲಾದರೆ, ಆ ಚಿತ್ರದಲ್ಲಿರುವ ಪ್ರಾಣಿಯೇ ಮಾದರಿ ಎನಿಸಿಕೊಳ್ಳುತ್ತದೆ. ಬ್ರಾಮಿನಸ್ ಎಂಬ ಹೆಸರು ಹೀಗೆ ವಿಶಾಖಪಟ್ಟಣದ ಹಾವಿಗೆ ಅಂಟಿಕೊಂಡಿದೆ.

ಭೌತವಿಜ್ಞಾನದಲ್ಲಿ ಇದಕ್ಕೆ ಒಂದು ಹೋಲಿಕೆ ಇದೆ. 1889ರಿಂದ 2019ರವರೆಗೆ ಕಿಲೋಗ್ರಾಂ ಎಂದರೆ ಪ್ಯಾರಿಸ್ ಸಮೀಪದ ಸೆವ್ರ್‌ನಲ್ಲಿ ಇಟ್ಟಿದ್ದ ಪ್ಲಾಟಿನಂ-ಇರಿಡಿಯಂ ಮಿಶ್ರಲೋಹದ ಒಂದು ಸಿಲಿಂಡರು. ಜಗತ್ತಿನ ಎಲ್ಲ ತೂಕಗಳೂ ಕೊನೆಗೆ ಅದನ್ನೇ ಅವಲಂಬಿಸಿದ್ದವು. 2019ರಲ್ಲಿ ನಾವು ಭೌತವಿಜ್ಞಾನಿಗಳು ಪ್ಲಾಂಕ್ ಸ್ಥಿರಾಂಕದ ನೆರವಿನಿಂದ ಆ ಲೋಹದ ತುಂಡಿನಿಂದ ಬಿಡುಗಡೆ ಪಡೆದೆವು. ಜೀವವಿಜ್ಞಾನಿಗಳಿಗೆ ಅಂತಹ ಬಿಡುಗಡೆ ಇಲ್ಲ. ಏಕೆಂದರೆ ಜೀವಿಗಳಲ್ಲಿ ಪ್ಲಾಂಕ್ ಸ್ಥಿರಾಂಕದಂತಹ ಬದಲಾಗದ ವಸ್ತು ಯಾವುದೂ ಇಲ್ಲ. ಮಾದರಿಯು ಆ ಪ್ರಭೇದದ ‘ಸರಾಸರಿ’ ಅಥವಾ ‘ಆದರ್ಶ’ ಪ್ರಾಣಿಯಾಗಿರಬೇಕಾಗಿಯೂ ಇಲ್ಲ. ಹಡಗಿಗೆ ಲಂಗರು ಇದ್ದಂತೆ ಹೆಸರಿಗೆ ಅದು.

ಕುಲದಿಂದ ಕುಲಕ್ಕೆ

ಲಂಗರು ಸ್ಥಿರ, ಆದರೆ ಹಡಗು ಅತ್ತಿತ್ತ ತಿರುಗುತ್ತದೆ. ನಮ್ಮ ಕುರುಡು ಹಾವು ಎಷ್ಟು ಕುಲಗಳನ್ನು ಸುತ್ತಿ ಬಂದಿದೆ ನೋಡಿ.

ಮಣ್ಣುಮುಕ್ಕ ಹಾವಿಗೂ ಇದಕ್ಕೂ ಹೋಲಿಕೆ ಹೊರಗಿನದು ಮಾತ್ರ ಎಂಬುದು ಬೇಗನೆ ತಿಳಿಯಿತು. ಬಹುತೇಕ ಹಾವುಗಳ ಹೊಟ್ಟೆಯ ಮೇಲೆ ಅಡ್ಡಪಟ್ಟಿಗಳಂತೆ ಅಗಲವಾದ ಹುರುಪೆಗಳಿರುತ್ತವೆ. ಕುರುಡು ಹಾವಿನಲ್ಲಿ ಬೆನ್ನು, ಹೊಟ್ಟೆ ಎಲ್ಲ ಕಡೆ ಒಂದೇ ಗಾತ್ರದ ಹುರುಪೆಗಳು. ಹಲ್ಲುಗಳು ಮೇಲ್ದವಡೆಯಲ್ಲಿ ಮಾತ್ರ ಇವೆ. ಇದೇ ರೀತಿ ಕಾಣುವ ಇನ್ನೊಂದು ಗುಂಪಿನಲ್ಲಿ, ಅಂದರೆ ದಾರದಂತೆ ತೆಳ್ಳಗಿರುವ ಲೆಪ್ಟೊಟಿಫ್ಲಾಪಿಡೇ ಕುಟುಂಬದ ಹಾವುಗಳಲ್ಲಿ, ಹಲ್ಲುಗಳಿರುವುದು ಕೆಳದವಡೆಯಲ್ಲಿ ಮಾತ್ರ! ಹೊರಗೆ ಅವಳಿಗಳಂತೆ ಕಂಡರೂ ಒಳಗಿನ ರಚನೆ ಬೇರೆ. ವರ್ಗೀಕರಣ ಎಂದರೆ ಹೊರಗಿನ ಹೋಲಿಕೆಯನ್ನು ನಂಬದೆ ಸಂಬಂಧವನ್ನು ಹುಡುಕುವುದು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಹೀಗೆ ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಹಾವು ಟಿಫ್ಲಾಪ್ಸ್ ಕುಲಕ್ಕೆ ಬಂತು. ಗ್ರೀಕ್ ಭಾಷೆಯಲ್ಲಿ ‘ಟಿಫ್ಲೋಸ್’ ಎಂದರೆ ಕುರುಡು. ಮಾಲ್ಕಂ ಸ್ಮಿತ್ ಅವರು 1943ರಲ್ಲಿ ಪ್ರಕಟಿಸಿದ ಭಾರತದ ಹಾವುಗಳ ಪ್ರಸಿದ್ಧ ಸಂಪುಟದಲ್ಲಿಯೂ ಇದು ‘ಟಿಫ್ಲಾಪ್ಸ್ ಬ್ರಾಮಿನಸ್’ ಎಂದೇ ಇದೆ. ಆದರೆ ಟಿಫ್ಲಾಪ್ಸ್ ಎಂಬುದು ಆಫ್ರಿಕಾ, ಏಷ್ಯಾ, ಅಮೆರಿಕಗಳ ಕುರುಡು ಹಾವುಗಳನ್ನೆಲ್ಲ ತುಂಬಿದ ದೊಡ್ಡ ಚೀಲದಂತಾಗಿತ್ತು. 1966ರಲ್ಲಿ ನ್ಯೂಜಿಲೆಂಡಿನ ಜೋನ್ ರಾಬ್ ಅವರು ಆಸ್ಟ್ರೇಲಿಯಾ ಕಡೆಯ ಕುರುಡು ಹಾವುಗಳ ಗಂಡುಗಳಲ್ಲಿ ಜನನಾಂಗದ ರಚನೆ ವಿಶಿಷ್ಟವಾಗಿದೆ ಎಂದು ತೋರಿಸಿ ಅವನ್ನು ಬೇರ್ಪಡಿಸಿದರು. ಮುಂದೆ ನಮ್ಮ ಹಾವನ್ನೂ ಆ ಗುಂಪಿಗೆ ಸೇರಿಸಲಾಯಿತು. ಆ ಗುಂಪಿನ ಹೆಸರು ಟಿಫ್ಲಿನಾ ಎಂದಿರಬೇಕೋ ರಾಂಫೊಟಿಫ್ಲಾಪ್ಸ್ ಎಂದಿರಬೇಕೋ ಎಂಬ ಚರ್ಚೆಯೂ ನಡೆದು, ಕೊನೆಗೆ ರಾಂಫೊಟಿಫ್ಲಾಪ್ಸ್ ಎಂಬುದು ನಿಂತಿತು. ನಡುವೆ ಕೆಲವರು ಇದನ್ನು ‘ಟಿಫ್ಲಿನಾ ಬ್ರಾಮಿನಾ’ ಎಂದು ಬರೆದರು. ಟಿಫ್ಲಿನಾ ಸ್ತ್ರೀಲಿಂಗ ಪದವಾದ್ದರಿಂದ ಲ್ಯಾಟಿನ್ ವ್ಯಾಕರಣದಂತೆ ‘ಬ್ರಾಮಿನಸ್’ ‘ಬ್ರಾಮಿನಾ’ ಆಗಬೇಕಾಯಿತು!

ಇಲ್ಲೊಂದು ಸ್ವಾರಸ್ಯವಿದೆ. ಆ ಗುಂಪನ್ನು ಗುರುತಿಸಿದ್ದು ಗಂಡು ಹಾವಿನ ಅಂಗರಚನೆಯಿಂದ. ಆದರೆ ಬ್ರಾಮಿನಸ್‌ನ ಗಂಡನ್ನು ಯಾರೂ ಕಂಡಿರಲಿಲ್ಲ. ಹೀಗಾಗಿ ಇತರ ಲಕ್ಷಣಗಳನ್ನು ನೋಡಿ ಸ್ಥಾನ ನಿರ್ಧರಿಸಬೇಕಾಯಿತು. ಈ ಕೊರತೆಯನ್ನು ತುಂಬಿದ್ದು ಡಿಎನ್‌ಎ ಹೋಲಿಕೆ. 2014ರಲ್ಲಿ ಬ್ಲೇರ್ ಹೆಡ್ಜಸ್ ಮತ್ತು ಸಂಗಡಿಗರು ಜಗತ್ತಿನ ಕುರುಡು ಹಾವುಗಳ ವಂಶವೃಕ್ಷವನ್ನು ಡಿಎನ್‌ಎ ಆಧಾರದ ಮೇಲೆ ಪರಿಷ್ಕರಿಸಿ, ದಕ್ಷಿಣ ಏಷ್ಯಾದ ಗುಂಪಿಗೆ ಇಂಡೊಟಿಫ್ಲಾಪ್ಸ್ ಎಂಬ ಹೊಸ ಕುಲವನ್ನು ಸ್ಥಾಪಿಸಿದರು. ‘ಭಾರತದ ಕುರುಡು ಹಾವು’ ಎಂದು ಅರ್ಥ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಪರ್ಯಾಯ ದ್ವೀಪದ ಕುರುಡು ಹಾವುಗಳ ಡಿಎನ್‌ಎ ಸಂಗ್ರಹಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಈ ವೃಕ್ಷದಲ್ಲಿ ಭಾರತದ ಕಡೆಯ ಕೊಂಬೆಗಳನ್ನು ತುಂಬಿತು. 2020ರಲ್ಲಿ ವ್ಯಾನ್ ವಲ್ಲಾಕ್ ಅವರು ಈ ಒಂದು ಹಾವಿಗೆಂದೇ ವರ್ಗೊಟಿಫ್ಲಾಪ್ಸ್ ಎಂಬ ಕುಲವನ್ನು ಸೂಚಿಸಿದರು. ಲ್ಯಾಟಿನ್‌ನಲ್ಲಿ ‘ವರ್ಗೊ’ ಎಂದರೆ ಕನ್ಯೆ. ಇದನ್ನು ಎಲ್ಲರೂ ಒಪ್ಪಿಕೊಂಡಿಲ್ಲ.

ಎರಿಕ್ಸ್, ಟಿಫ್ಲಾಪ್ಸ್, ಟಿಫ್ಲಿನಾ, ರಾಂಫೊಟಿಫ್ಲಾಪ್ಸ್, ಇಂಡೊಟಿಫ್ಲಾಪ್ಸ್, ವರ್ಗೊಟಿಫ್ಲಾಪ್ಸ್. ‘ವಿಜ್ಞಾನಿಗಳು ದಿನಕ್ಕೊಂದು ಹೆಸರು ಬದಲಿಸುತ್ತಾರೆ’ ಎಂದು ನೀವು ದೂರಬಹುದು. ಆದರೆ ಕುಲದ ಹೆಸರು ಕೇವಲ ಗುರುತಲ್ಲ. ‘ಇದು ಇಂಥವರ ಬಂಧು’ ಎಂಬ ಊಹೆಯೂ ಅದರಲ್ಲಿ ಸೇರಿದೆ. ಸಾಕ್ಷ್ಯ ಬದಲಾದರೆ ಊಹೆ ಬದಲಾಗಲೇಬೇಕು. ಆದರೂ ‘ಬ್ರಾಮಿನಸ್’ ಎಂಬ ಪದವನ್ನು ಹಿಡಿದು ಹೊರಟರೆ 1803ರಿಂದ ಇಂದಿನವರೆಗಿನ ಬರಹಗಳೆಲ್ಲವನ್ನೂ ನೀವು ಹುಡುಕಬಲ್ಲಿರಿ.

ಒಂದು ಹಾವು, ಹಲವು ಹೆಸರು

ಇನ್ನೊಂದು ಬಗೆಯ ತೊಡಕನ್ನೂ ನೋಡೋಣ. ಈ ಹಾವು ಗಿಡಗಳ ಬೇರಿನ ಮಣ್ಣಿನಲ್ಲಿ ಅಡಗಿ ಕುಳಿತು ಹಡಗು ಹತ್ತಿದೆ. ಇಂದು ಅಂಟಾರ್ಕ್ಟಿಕಾ ಬಿಟ್ಟು ಉಳಿದ ಎಲ್ಲ ಖಂಡಗಳಲ್ಲಿಯೂ, ಸಾಗರಗಳ ನಡುವಿನ ಅನೇಕ ದ್ವೀಪಗಳಲ್ಲಿಯೂ ಇದು ನೆಲೆಸಿದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಹೂಕುಂಡದ ಹಾವು’ ಎಂಬ ಅರ್ಥದ ಹೆಸರೇ ಇದೆ. ಹವಾಯ್ ದ್ವೀಪಗಳಲ್ಲಿ ಇದು 1930ರಲ್ಲಿ ಕಾಣಿಸಿಕೊಂಡಿತು.

ದೂರದ ಊರಿನಲ್ಲಿ ಇದನ್ನು ಕಂಡ ಪ್ರಾಣಿಶಾಸ್ತ್ರಜ್ಞರು ಅದು ಆ ಊರಿನದೇ ಹೊಸ ಪ್ರಭೇದ ಎಂದು ತಿಳಿದು ಹೆಸರಿಟ್ಟರು. ದಕ್ಷಿಣ ಆಫ್ರಿಕಾದಲ್ಲಿ 1846ರಲ್ಲಿ ‘ಕೇಪೆನ್ಸಿಸ್’, ಮಡಗಾಸ್ಕರ್ ಕಡೆ 1882ರಲ್ಲಿ ‘ಯೂಪ್ರಾಕ್ಟಸ್’, ನಮ್ಮ ದೇಶದಲ್ಲಿಯೇ 1919ರಲ್ಲಿ ‘ಫ್ಲೆಚರಿ’. 1969ರಷ್ಟು ಈಚೆಗೆ ಪೆಸಿಫಿಕ್ ಸಾಗರದ ಮರಿಯಾನಾ ಮತ್ತು ಕ್ಯಾರೊಲೈನ್ ದ್ವೀಪಗಳ ಹಾವಿಗೆ ‘ಸ್ಯೂಡೊಸಾರಸ್’. ಎಲ್ಲವೂ ಇಂದು ಬ್ರಾಮಿನಸ್‌ನ ಸಮಾನಾರ್ಥಕಗಳು.

ಇದು ಬರಿಯ ಪಟ್ಟಿಯ ವಿಷಯವೆಂದು ತಿಳಿಯಬೇಡಿ. ಒಂದು ದ್ವೀಪದಲ್ಲಿ ಮಾತ್ರ ಇರುವ ಪ್ರಭೇದ ಎಂದರೆ ಅದನ್ನು ಕಾಪಾಡಬೇಕಾದ ಹೊಣೆ ಬರುತ್ತದೆ. ಮನುಷ್ಯರೊಂದಿಗೆ ಬಂದ ವಲಸಿಗ ಎಂದರೆ ಅದು ಅಲ್ಲಿನ ಮೂಲ ಜೀವಿಗಳ ಮೇಲೆ ಏನು ಪರಿಣಾಮ ಬೀರುತ್ತಿದೆ ಎಂದು ವಿಚಾರಿಸಬೇಕಾಗುತ್ತದೆ. ಹೆಸರು ತಪ್ಪಿದರೆ ಈ ಎರಡು ಪ್ರಶ್ನೆಗಳು ಅದಲುಬದಲಾಗುತ್ತವೆ.

ಹಾಗಾದರೆ ಇದನ್ನು ಖಚಿತವಾಗಿ ಗುರುತಿಸುವುದು ಹೇಗೆ? ಲೆಕ್ಕ ಹಾಕಬೇಕು. ದೇಹದ ಸುತ್ತ ಹುರುಪೆಗಳ ಸಾಲುಗಳನ್ನು ಮಸೂರದ ಕೆಳಗೆ ಎಣಿಸಿದರೆ, ಕುತ್ತಿಗೆಯಿಂದ ಬಾಲದವರೆಗೆ ಎಲ್ಲಿ ಎಣಿಸಿದರೂ 20 ಸಾಲುಗಳು. ನಮ್ಮಲ್ಲಿಯೇ ಇರುವ, ಅರ್ಧ ಮೀಟರಿಗಿಂತ ಉದ್ದ ಬೆಳೆಯಬಲ್ಲ ಕೊಕ್ಕುಮೂತಿಯ ಕುರುಡು ಹಾವಿನಲ್ಲಿ ಸಾಲುಗಳು ಇದಕ್ಕಿಂತ ಹೆಚ್ಚು. ಇನ್ನೊಂದು ಗುರುತು ಮೂಗಿನ ಹುರುಪೆಯಲ್ಲಿದೆ. ಅದರ ಮೇಲಿನ ಸೀಳುಗೆರೆ ಮೂಗಿನ ಹೊಳ್ಳೆಯಿಂದ ಹಿಂದಕ್ಕೆ ಬಾಗಿ, ಕಣ್ಣಿನ ಮುಂದಿರುವ ಹುರುಪೆಯನ್ನು ಮುಟ್ಟುತ್ತದೆ. ಒಂದು ಮಿಲಿಮೀಟರಿಗಿಂತ ಚಿಕ್ಕದಾದ ಈ ಗೆರೆಯೇ ಹಲವು ಸಲ ತೀರ್ಪು ಹೇಳುವ ಸಾಕ್ಷಿ.

ಗಂಡಿಲ್ಲದ ಸಂಸಾರ

ಕುಂಡದಲ್ಲಿ ಕುಳಿತು ಸಾಗರ ದಾಟಿದ ಒಂದೇ ಒಂದು ಹಾವು ಹೊಸ ನಾಡಿನಲ್ಲಿ ವಂಶ ಬೆಳೆಸುವುದು ಹೇಗೆ ಸಾಧ್ಯ? ಸಂಗ್ರಹಾಲಯಗಳಲ್ಲಿದ್ದ ಮಾದರಿಗಳನ್ನು ಪರೀಕ್ಷಿಸಿದಾಗ ಎಲ್ಲವೂ ಹೆಣ್ಣುಗಳೇ ಆಗಿದ್ದವು. ಇದು ಗಂಡಿಲ್ಲದ ಪ್ರಭೇದವಿರಬಹುದು ಎಂದು 1974ರಲ್ಲಿ ಸ್ಯಾಮ್ಯುಯೆಲ್ ಮ್ಯಾಕ್‌ಡೊವೆಲ್ ಸೂಚಿಸಿದರು. 1980ರಲ್ಲಿ ರೊನಾಲ್ಡ್ ನಸ್‌ಬೌಮ್ ಸೆಷೆಲ್ಸ್ ದ್ವೀಪಗಳ ಹಾವುಗಳನ್ನು ಅಧ್ಯಯನ ಮಾಡಿ ಇದಕ್ಕೆ ಇನ್ನಷ್ಟು ಸಾಕ್ಷ್ಯ ಒದಗಿಸಿದರು. 1987ರಲ್ಲಿ ವಿನ್, ಕೋಲ್ ಮತ್ತು ಗಾರ್ಡ್ನರ್ ಇದರ ಜೀವಕೋಶಗಳಲ್ಲಿ ವರ್ಣತಂತುಗಳನ್ನು ಎಣಿಸಿದರು. ಸಿಕ್ಕಿದ ಸಂಖ್ಯೆ 42.

ನಮ್ಮ ನಿಮ್ಮ ಜೀವಕೋಶಗಳಲ್ಲಿ ವರ್ಣತಂತುಗಳು ಜೋಡಿ ಜೋಡಿಯಾಗಿರುತ್ತವೆ: ತಾಯಿಯಿಂದ ಒಂದು ಗಣ, ತಂದೆಯಿಂದ ಒಂದು ಗಣ. ಈ ಹಾವಿನಲ್ಲಿ ಅವು ಮೂರು ಮೂರಾಗಿ ಹೊಂದಿಕೊಂಡವು: 14ರ ಮೂರು ಗಣಗಳು. ಇದನ್ನು ತ್ರಿಗುಣಿತ ಸ್ಥಿತಿ ಎನ್ನುತ್ತಾರೆ. ಅಂಡಾಣು, ವೀರ್ಯಾಣುಗಳು ಉಂಟಾಗುವಾಗ ವರ್ಣತಂತುಗಳು ಎರಡು ಸಮಪಾಲಾಗಬೇಕು. ಮೂರನ್ನು ಇಬ್ಬರಿಗೆ ಸಮನಾಗಿ ಹಂಚುವುದು ಹೇಗೆ? ಸಾಮಾನ್ಯ ರೀತಿಯ ಲೈಂಗಿಕ ಸಂತಾನೋತ್ಪತ್ತಿ ಇಲ್ಲಿ ಕೆಲಸ ಮಾಡದು. ಆದ್ದರಿಂದ ಹೆಣ್ಣು ಹಾವು ಗಂಡಿನ ನೆರವಿಲ್ಲದೆ ಮೊಟ್ಟೆಯಿಡುತ್ತದೆ. ಹುಟ್ಟುವ ಮರಿಗಳೆಲ್ಲ ಹೆಣ್ಣೇ. ಇದಕ್ಕೆ ಅನಿಷೇಕ ಜನನ ಎಂದು ಹೆಸರು. ಬೇರೆ ಕೆಲವು ಹಾವುಗಳಲ್ಲಿ ಅಪರೂಪಕ್ಕೆ ಹೀಗಾಗುವುದುಂಟು. ಆದರೆ ಇದನ್ನೇ ಪೂರ್ತಿಯಾಗಿ ನಂಬಿ ಬದುಕುವ ಹಾವೆಂದು ಖಚಿತವಾಗಿ ತಿಳಿದಿರುವುದು ಇದೊಂದೇ. ಹೊಸ ನಾಡಿನಲ್ಲಿ ವಂಶ ಸ್ಥಾಪಿಸಲು ಒಂದು ಹೂಕುಂಡ, ಒಂದು ಹಾವು ಸಾಕು.

ಹಾಗಾದರೆ ಪ್ರಭೇದ ಎಂದರೇನು?

ಈಗ ಕಠಿಣವಾದ ಪ್ರಶ್ನೆಗೆ ಬರೋಣ. ‘ತಮ್ಮತಮ್ಮೊಳಗೆ ಕೂಡಿ ಸಂತಾನ ಪಡೆಯಬಲ್ಲ ಜೀವಿಗಳ ಸಮುದಾಯವೇ ಪ್ರಭೇದ’ ಎಂದು ಶಾಲೆಯಲ್ಲಿ ಓದುತ್ತೇವೆ. 1942ರಲ್ಲಿ ಅರ್ನ್‌ಸ್ಟ್ ಮೇಯರ್ ಅವರು ಪ್ರತಿಪಾದಿಸಿದ ಪ್ರಸಿದ್ಧ ವ್ಯಾಖ್ಯೆಯ ಸಾರ ಇದು. ಆದರೆ ಎಂದೂ ಕೂಡದ ಈ ಹಾವುಗಳಿಗೆ ಆ ವ್ಯಾಖ್ಯೆ ಅನ್ವಯಿಸುವುದೆ? ಅಕ್ಷರಶಃ ತೆಗೆದುಕೊಂಡರೆ ಪ್ರತಿಯೊಂದು ಹಾವೂ ಒಂದೊಂದು ಪ್ರಭೇದ ಎನ್ನಬೇಕಾದೀತು! ಅದು ಯಾರಿಗೂ ಉಪಯೋಗವಿಲ್ಲದ ಉತ್ತರ.

ಆದ್ದರಿಂದ ವಿಜ್ಞಾನಿಗಳು ಇಂತಹ ಕಡೆ ಬೇರೆ ಆಧಾರಗಳನ್ನು ಒಟ್ಟಿಗೆ ತೂಗುತ್ತಾರೆ: ಸಮಾನ ಪೂರ್ವಜ, ಸಮಾನ ರಚನೆ, ಸಮಾನ ವರ್ಣತಂತುಗಳು, ಡಿಎನ್‌ಎಯ ಹತ್ತಿರದ ಸಂಬಂಧ. ಆಫ್ರಿಕಾದ ಹಾವೂ ಗುವಾಮ್‌ನ ಹಾವೂ ವಿಶಾಖಪಟ್ಟಣದ ಹಾವೂ ಇವೆಲ್ಲದರಲ್ಲಿ ಹೊಂದುತ್ತವೆ. ಆದ್ದರಿಂದ ಅವು ಒಂದೇ ಹೆಸರಿಗೆ ಅರ್ಹ. ವ್ಯಾಖ್ಯೆಗೆ ನಿಸರ್ಗ ಹೊಂದಿಕೊಳ್ಳಬೇಕಾಗಿಲ್ಲ; ನಿಸರ್ಗಕ್ಕೆ ವ್ಯಾಖ್ಯೆ ಹೊಂದಿಕೊಳ್ಳಬೇಕು. ಬೆಳಕು ಕಣವೋ ಅಲೆಯೋ ಎಂದು ದಶಕಗಳ ಕಾಲ ಜಗಳವಾಡಿದ ಭೌತವಿಜ್ಞಾನಿಗಳಿಗೆ ಈ ಪಾಠ ಅಪರಿಚಿತವಲ್ಲ.

ಜಗತ್ತಿನಲ್ಲಿ ಇಂದು ನಾನೂರಕ್ಕೂ ಹೆಚ್ಚು ಪ್ರಭೇದಗಳ ಕುರುಡು ಹಾವುಗಳು ಗುರುತಾಗಿವೆ. ಅವನ್ನು ಐದು ಕುಟುಂಬಗಳಲ್ಲಿ ಜೋಡಿಸಲಾಗಿದೆ. ಅವುಗಳಲ್ಲಿ ಎರಡು ಕುಟುಂಬಗಳು ಪ್ರತ್ಯೇಕವೆಂದು ತಿಳಿದದ್ದು 2010ರಲ್ಲಷ್ಟೇ. ಅದರಲ್ಲಿ ಒಂದರ ಸದಸ್ಯರು ನಮ್ಮ ಪಶ್ಚಿಮ ಘಟ್ಟದ ಮಣ್ಣಿನಲ್ಲಿಯೂ ಇದ್ದಾರೆ. ನೆಲದೊಳಗೆ ಬದುಕುವ ಇವುಗಳನ್ನು ಕಾಣುವವರೇ ವಿರಳ. ಕಂಡವರಲ್ಲಿ ನಿಂತು ನೋಡುವವರು ಇನ್ನೂ ವಿರಳ. ಆದ್ದರಿಂದ ಮುಂದಿನ ಸಲ ನಿಮ್ಮ ತೋಟದಲ್ಲಿ ಇಂತಹ ಹಾವು ಎದುರಾದರೆ, ಕೋಲು ಹುಡುಕುವ ಬದಲು ಮಸೂರ ಹುಡುಕಿ. ಎಲ್ಲಿ, ಯಾವ ದಿನ, ಎಂತಹ ಮಣ್ಣಿನಲ್ಲಿ ಕಂಡಿತು ಎಂದು ಬರೆದಿಟ್ಟುಕೊಳ್ಳಿ. ಸಾಧ್ಯವಾದರೆ ತಲೆಯ ಬದಿಯಿಂದ ಒಂದು ಸ್ಪಷ್ಟವಾದ ಛಾಯಾಚಿತ್ರ ತೆಗೆಯಿರಿ. ನಂತರ ಅದನ್ನು ತೇವವಿರುವ ಮಣ್ಣಿಗೆ ಬಿಟ್ಟುಬಿಡಿ. ವಿಶಾಖಪಟ್ಟಣದಲ್ಲಿ ಇನ್ನೂರು ವರ್ಷಗಳಿಗೂ ಹಿಂದೆ ಯಾರೋ ಒಬ್ಬರು ಈ ಹಾವನ್ನು ಕೊಂದು ಎಸೆಯದೆ ಅದರ ಹೆಸರನ್ನು ವೈದ್ಯನಿಗೆ ಹೇಳಿದ್ದರಿಂದಲೇ ಇಷ್ಟೆಲ್ಲ ತಿಳಿಯುವುದು ಸಾಧ್ಯವಾಯಿತು.